ದೀರ್ಘಕಾಲ ಇರಿಸಬಹುದಾದ ಸಿಹಿ ಬಿಳಿ ವೈನ್ (ಸೋಟೆರ್ನ್): ಬೆಳೆಗಾರರು ಹಾಗೂ ಸಾರ್ವಜನಿಕರ ಮಾಹಿತಿಗಾಗಿ

ಊಟದ ಕೊನೆಯಲ್ಲಿ ಸಿಹಿತಿಂಡಿಯೊಡನೆ ಅಲ್ಪ ಪ್ರಮಾಣದಲ್ಲಿ ಸೇವಿಸುವ ವೈನುಗಳಿಗೆ ಡೆಸರ್ಟ್ ವೈನ್ ಎಂದು ಹೆಸರು. ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಫ್ರಾನ್ಸ್ ದೇಶದ ಸೋಟೆರ್ನ್. ದ್ರಾಕ್ಷಿ ಬೆಳೆದು ವೈನ್ ತಯಾರಿಕೆಗೆ ಸನ್ನದು ಕೋರಲು ಇಚ್ಛಿಸುವವರು, ಹಾಗೂ ವಿದೇಶದಿಂದ ಬರುವ ಬಂಧುಗಳ ಮೂಲಕ ಇಂತಹ ಬಾಟಲಿಯನ್ನು ಪಡೆದವರು, ಈ ವೈನಿನ ಸ್ವರೂಪವನ್ನೂ ಅದಕ್ಕೆ ಅನ್ವಯಿಸುವ ನಿಯಮಗಳನ್ನೂ ಅರಿತಿರುವುದು ಅವಶ್ಯಕ. ಮದ್ಯಪಾನವು ಆರೋಗ್ಯಕ್ಕೆ ಹಾನಿಕರವೆಂಬುದು ಈ ವೈನಿಗೂ ಅನ್ವಯಿಸುತ್ತದೆ.

ಮೊದಲಿಗೆ ಪದದ ಬಗ್ಗೆ ಒಂದು ಸ್ಪಷ್ಟನೆ. ಕನ್ನಡದಲ್ಲಿ ದ್ರಾಕ್ಷಾರಸ ಎಂಬ ಪದವನ್ನು ಹಣ್ಣಿನ ರಸಕ್ಕೂ ವೈನಿಗೂ ಬಳಸುವ ರೂಢಿಯಿದೆ. ಆಯುರ್ವೇದದ ದ್ರಾಕ್ಷಾರಿಷ್ಟವು ಔಷಧವಾಗಿದ್ದು, ಅದರ ಕಾನೂನು ಬೇರೆ. ಗೊಂದಲ ತಪ್ಪಿಸಲು ಈ ಪುಟದಲ್ಲಿ ವೈನ್ ಎಂಬ ಪದವನ್ನೇ ಬಳಸಲಾಗಿದೆ.

ಹೆಸರು ಮತ್ತು ಪ್ರದೇಶ

ಸೋಟೆರ್ನ್ ಎಂಬುದು ಬೋರ್ಡೊ ನಗರದ ದಕ್ಷಿಣಕ್ಕಿರುವ ಒಂದು ಊರಿನ ಹೆಸರು. ಸೋಟೆರ್ನ್, ಬಾರ್ಸಾಕ್, ಬೊಮ್, ಫಾರ್ಗ್ ಮತ್ತು ಪ್ರೇನ್ಯಾಕ್ ಎಂಬ ಐದು ಗ್ರಾಮಾಡಳಿತಗಳ ವ್ಯಾಪ್ತಿಯಲ್ಲಿ ಬೆಳೆದ ದ್ರಾಕ್ಷಿಯಿಂದ ತಯಾರಾದ ವೈನಿಗೆ ಮಾತ್ರ 1936ರಿಂದ ಈ ಹೆಸರಿನ ಹಕ್ಕಿದೆ. ನಮ್ಮಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಗೆ ದೊರೆತಿರುವ ಭೌಗೋಳಿಕ ಸೂಚಕ ಮಾನ್ಯತೆಯನ್ನು ಹೋಲುವ ವ್ಯವಸ್ಥೆಯಿದು. ಆದುದರಿಂದ ಕರ್ನಾಟಕದಲ್ಲಿ ಎಷ್ಟೇ ಉತ್ತಮವಾದ ಸಿಹಿ ಬಿಳಿ ವೈನ್ ತಯಾರಾದರೂ ಅದನ್ನು ಸೋಟೆರ್ನ್ ಎಂದು ಕರೆಯತಕ್ಕದ್ದಲ್ಲ. ಅಮೆರಿಕದಲ್ಲಿ ಹಿಂದೆ ಇದೇ ಹೆಸರಿನ ಕೊನೆಯ ಅಕ್ಷರವೊಂದನ್ನು ಬಿಟ್ಟು ಅಗ್ಗದ ಬಿಳಿ ವೈನುಗಳನ್ನು ಮಾರುತ್ತಿದ್ದರು; ಅವು ಸಿಹಿಯಾಗಿರಬೇಕೆಂಬ ನಿಯಮವೂ ಇರಲಿಲ್ಲ.

ಬಳಸುವ ತಳಿಗಳು ಸೆಮಿಯೋಂ, ಸೋವಿನ್ಯೋಂ ಬ್ಲಾಂ ಮತ್ತು ಅಲ್ಪ ಪ್ರಮಾಣದಲ್ಲಿ ಮಸ್ಕಡೆಲ್. 1855ರಲ್ಲಿ ಬೋರ್ಡೊ ವೈನುಗಳಿಗೆ ದರ್ಜೆ ನಿಗದಿಪಡಿಸಿದಾಗ ಈ ಪ್ರದೇಶದ ಶಾತೋ ದೀಕೆಮ್ ಎಂಬ ಒಂದೇ ತೋಟಕ್ಕೆ ಎಲ್ಲಕ್ಕಿಂತ ಮೇಲಿನ ಪ್ರತ್ಯೇಕ ದರ್ಜೆಯನ್ನು ನೀಡಲಾಯಿತು.

ಸಿಹಿ ಬರುವ ಬಗೆ

ಈ ವೈನಿಗೆ ಸಕ್ಕರೆಯನ್ನು ಬೆರೆಸಿ ಸಿಹಿ ಮಾಡುವುದಿಲ್ಲ. ಅದರ ಸಿಹಿಗೆ ಕಾರಣ ಒಂದು ಬೂಷ್ಟು. ಸಿರೋನ್ ಎಂಬ ತಣ್ಣನೆಯ ಹೊಳೆಯು ಅದಕ್ಕಿಂತ ಬೆಚ್ಚಗಿರುವ ಗರೋನ್ ನದಿಯನ್ನು ಸೇರುವಲ್ಲಿ, ಶರತ್ಕಾಲದ ಬೆಳಗಿನ ವೇಳೆ ದಟ್ಟವಾದ ಮಂಜು ಕವಿಯುತ್ತದೆ. ಈ ತೇವದಲ್ಲಿ ಬೊಟ್ರೈಟಿಸ್ ಸಿನೆರಿಯ ಎಂಬ ಶಿಲೀಂಧ್ರವು ಮಾಗಿದ ಹಣ್ಣಿನ ಮೇಲೆ ಬೆಳೆದು ಸಿಪ್ಪೆಯನ್ನು ಸೂಕ್ಷ್ಮವಾಗಿ ತೂತು ಮಾಡುತ್ತದೆ. ಮಧ್ಯಾಹ್ನದ ಬಿಸಿಲಿಗೆ ಹಣ್ಣಿನ ನೀರು ಆವಿಯಾಗಿ, ಸಕ್ಕರೆಯೂ ಹುಳಿಯೂ ಸಾಂದ್ರಗೊಂಡು, ಹಣ್ಣು ಒಣದ್ರಾಕ್ಷಿಯಂತೆ ಸುಕ್ಕುಗಟ್ಟುತ್ತದೆ. ಬೆಳಗಿನ ಮಂಜು ಮತ್ತು ಮಧ್ಯಾಹ್ನದ ಬಿಸಿಲು ಎರಡೂ ಇದ್ದರೆ ಮಾತ್ರ ಇದು ಸಾಧ್ಯ. ಬಿಸಿಲು ಬಾರದೆ ಮಳೆ ಹಿಡಿದುಕೊಂಡರೆ ಅದೇ ಶಿಲೀಂಧ್ರವು ಗೊಂಚಲನ್ನೇ ಕೊಳೆಸುತ್ತದೆ.

ಬೂಷ್ಟು ಎಲ್ಲ ಹಣ್ಣಿಗೂ ಒಂದೇ ದಿನ ಹಿಡಿಯುವುದಿಲ್ಲವಾದ್ದರಿಂದ, ಸೆಪ್ಟೆಂಬರ್ ಅಂತ್ಯದಿಂದ ನವೆಂಬರ್‌ವರೆಗೆ ಕೂಲಿಯಾಳುಗಳು ಅದೇ ಸಾಲುಗಳಲ್ಲಿ ಹಲವು ಬಾರಿ ಸಾಗಿ, ಹದಕ್ಕೆ ಬಂದ ಹಣ್ಣನ್ನು ಮಾತ್ರ ಕೈಯಿಂದ ಆರಿಸುತ್ತಾರೆ. ರಸವನ್ನು ಹುದುಗಿಸಿದಾಗ ಮದ್ಯಸಾರವು ಶೇ. 13ರಿಂದ 14ರಷ್ಟಾಗುವ ವೇಳೆಗೆ ಹುದುಗುವಿಕೆ ನಿಲ್ಲುತ್ತದೆ, ಅಥವಾ ಅದನ್ನು ನಿಲ್ಲಿಸಲಾಗುತ್ತದೆ; ಉಳಿದ ಸಕ್ಕರೆ ವೈನಿನಲ್ಲಿಯೇ ಉಳಿಯುತ್ತದೆ. ಐರೋಪ್ಯ ನಿಯಮದಂತೆ ಲೀಟರಿಗೆ 45 ಗ್ರಾಂ ಸಕ್ಕರೆ ಇದ್ದರೆ ವೈನನ್ನು ಸಿಹಿ ಎನ್ನಬಹುದು. ಸೋಟೆರ್ನ್‌ನಲ್ಲಿ 120 ಗ್ರಾಂ ಮೀರುವುದು ಸಾಮಾನ್ಯ.

ಇಷ್ಟು ಸಕ್ಕರೆ, ಸಾಕಷ್ಟು ಹುಳಿ ಮತ್ತು ಮದ್ಯಸಾರ ಒಟ್ಟಿಗೆ ಇರುವುದರಿಂದಲೇ ಇದು ಹತ್ತಾರು ವರ್ಷ ಕೆಡದೆ ಉಳಿಯುತ್ತದೆ. ಹೊಂಬಣ್ಣದ ವೈನು ಕಾಲಕ್ರಮೇಣ ಜೇನಿನ ಬಣ್ಣಕ್ಕೂ ಅನಂತರ ಕಂದು ಬಣ್ಣಕ್ಕೂ ತಿರುಗುತ್ತದೆ. 1811ನೇ ಸಾಲಿನ ದೀಕೆಮ್ ಬಾಟಲಿಯೊಂದು 2011ರಲ್ಲಿ ಲಂಡನ್ನಿನಲ್ಲಿ 75,000 ಪೌಂಡಿಗೆ ಮಾರಾಟವಾಯಿತು.

ಇಳುವರಿಯ ಲೆಕ್ಕ

ಈ ಬೆಲೆಯನ್ನು ಕೇಳಿ ಉತ್ಸಾಹಗೊಳ್ಳುವ ಮುನ್ನ ಇಳುವರಿಯನ್ನು ಗಮನಿಸಬೇಕು. ಸೋಟೆರ್ನ್‌ಗೆ ನಿಯಮದಂತೆ ಹೆಕ್ಟೇರಿಗೆ 2,500 ಲೀಟರ್ ಗರಿಷ್ಠ ಮಿತಿ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 1,000 ಲೀಟರ್, ಅಂದರೆ 750 ಮಿ.ಲೀ.ನ ಸುಮಾರು 1,350 ಬಾಟಲಿ. ಅದೇ ಬೋರ್ಡೊ ಪ್ರದೇಶದಲ್ಲಿ ಸಿಹಿಯಿಲ್ಲದ ಬಿಳಿ ವೈನಿಗೆ ಇದರ ದುಪ್ಪಟ್ಟಿಗಿಂತ ಹೆಚ್ಚು ಅವಕಾಶವಿದೆ. ದೀಕೆಮ್ ತೋಟದಲ್ಲಂತೂ ಒಂದು ಬಳ್ಳಿಗೆ ಒಂದು ಲೋಟ ವೈನ್ ಎಂಬ ಮಾತಿದೆ. ಹವಾಮಾನ ಒದಗದ ವರ್ಷ ಆ ಹೆಸರಿನಲ್ಲಿ ವೈನನ್ನೇ ಬಿಡುಗಡೆ ಮಾಡುವುದಿಲ್ಲ. 1972, 1974, 1992 ಮತ್ತು 2012 ಅಂತಹ ವರ್ಷಗಳು. ಇಡೀ ವರ್ಷದ ಖರ್ಚು ಮಾಡಿಯೂ ಆದಾಯವನ್ನು ಬಿಟ್ಟುಕೊಡುವ ಶಕ್ತಿ ಸಣ್ಣ ಹಿಡುವಳಿದಾರರಿಗೆ ಇರುವುದಿಲ್ಲ.

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಬೆಳೆಗಾರರಿಗೆ

ಅರಿಶಿನ, ಬಾಳೆ, ಕಬ್ಬು ಬೆಳೆಯುವ ಚಂದಕವಾಡಿ ಹೋಬಳಿಯಂತಹ ಪ್ರದೇಶದಲ್ಲಿ ದ್ರಾಕ್ಷಿಯನ್ನು ಹೊಸದಾಗಿ ನೆಡಬಯಸುವವರು ಈ ಕೆಳಕಂಡ ಅಂಶವನ್ನು ಅವಶ್ಯವಾಗಿ ಪರಿಗಣಿಸತಕ್ಕದ್ದು. ಫ್ರಾನ್ಸಿನಲ್ಲಿ ಬಳ್ಳಿಯು ಚಳಿಗಾಲದಲ್ಲಿ ನಿದ್ರಿಸಿ ಶರತ್ಕಾಲದಲ್ಲಿ ಫಲ ಕೊಡುತ್ತದೆ. ನಮ್ಮಲ್ಲಿ ವೈನ್ ದ್ರಾಕ್ಷಿಗೆ ಸಾಮಾನ್ಯವಾಗಿ ಏಪ್ರಿಲ್ ಸುಮಾರಿಗೆ ಒಮ್ಮೆ, ಅಕ್ಟೋಬರ್ ಸುಮಾರಿಗೆ ಮತ್ತೊಮ್ಮೆ ಬಳ್ಳಿ ಸವರಿ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕೊಯ್ಲು ಮಾಡಲಾಗುತ್ತದೆ. ಈ ಜಿಲ್ಲೆಗೆ ಹಿಂಗಾರು ಮಳೆಯೂ ಚೆನ್ನಾಗಿ ಬೀಳುವುದರಿಂದ, ಅಕ್ಟೋಬರ್‌ನಲ್ಲಿ ಸವರಿದ ಬಳ್ಳಿಯ ಎಳೆ ಚಿಗುರಿಗೆ, ರೈತರು ಡೌನಿ ಎಂದೇ ಕರೆಯುವ ರೋಗ ತಗಲುವ ಭಯ ಹೆಚ್ಚು. ಕೊಯ್ಲಿನ ವೇಳೆಗೆ ಹವೆ ಒಣಗಿ ಬಿಸಿಲು ಏರಿರುತ್ತದೆ. ತೇವ ಬೇಡವಾದಾಗ ಇರುತ್ತದೆ, ಬೇಕಾದಾಗ ಇರುವುದಿಲ್ಲ. ಸೋಟೆರ್ನ್‌ಗೆ ಬೇಕಾದ ಬೂಷ್ಟನ್ನು ಇಲ್ಲಿ ನಿರೀಕ್ಷಿಸಿ ಬಂಡವಾಳ ಹೂಡುವುದು ಸೂಕ್ತವಲ್ಲ.

ಸಿಹಿ ವೈನನ್ನು ಬೇರೆ ವಿಧಾನಗಳಿಂದ ತಯಾರಿಸಬಹುದು. ಹಣ್ಣನ್ನು ಬಳ್ಳಿಯಲ್ಲಿಯೇ ಹೆಚ್ಚು ದಿನ ಬಿಟ್ಟು ತಡವಾಗಿ ಕೊಯ್ಯುವುದು ಒಂದು. ಮಹಾರಾಷ್ಟ್ರದ ನಾಸಿಕದಲ್ಲಿ ಶೆನಿನ್ ಬ್ಲಾಂ ತಳಿಯಿಂದ ಇಂತಹ ವೈನ್ ತಯಾರಾಗುತ್ತಿದೆ. ಹುದುಗುವಿಕೆಯನ್ನು ಶೀತಲೀಕರಣದಿಂದ ನಡುವೆಯೇ ನಿಲ್ಲಿಸುವುದು ಮತ್ತೊಂದು. ಪೋರ್ಚುಗಲ್ಲಿನ ಪೋರ್ಟ್ ವೈನಿನಂತೆ ದ್ರಾಕ್ಷಿಯ ಮದ್ಯಸಾರವನ್ನು ಬೆರೆಸುವುದು ಮೂರನೆಯದು. ಇದು ಫೋರ್ಟಿಫೈಡ್ ವೈನ್ ಎಂಬ ಪ್ರತ್ಯೇಕ ವರ್ಗಕ್ಕೆ ಸೇರುತ್ತದೆ. ಬಿಸಿಲಿನಲ್ಲಿ ತಡವಾಗಿ ಕೊಯ್ದ ಹಣ್ಣಿನಲ್ಲಿ ಸಕ್ಕರೆ ಏರಿದಂತೆ ಹುಳಿ ಇಳಿಯುತ್ತದೆ. ಹುಳಿ ಕಡಿಮೆಯಾದ ಸಿಹಿ ವೈನು ಸೋಟೆರ್ನ್‌ನಂತೆ ದೀರ್ಘಕಾಲ ಬಾಳುವುದಿಲ್ಲ. ಸಿಹಿ ಎಂದಾಕ್ಷಣ ಅದು ಹಳತಾದಷ್ಟೂ ಬೆಲೆ ಬಾಳುವುದೆಂಬ ಭರವಸೆಯ ಮೇಲೆ ಸಾಲ ಮಾಡಬಾರದು.

ಫ್ರೆಂಚ್ ತಳಿಗಳೇ ಕರ್ನಾಟಕಕ್ಕೆ ಒಗ್ಗುವುದಿಲ್ಲವೆಂದು ಇದರ ಅರ್ಥವಲ್ಲ. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಆರಂಭವಾದ ಗ್ರೋವರ್ ಸಂಸ್ಥೆಯು ಫ್ರೆಂಚ್ ತಜ್ಞರ ಸಲಹೆಯಿಂದ ಅವನ್ನು ಬೆಳೆದು, ಊಟದೊಡನೆ ಸೇವಿಸುವ ಸಾಮಾನ್ಯ ವೈನ್ ತಯಾರಿಸಿ ಮಾರುಕಟ್ಟೆ ಕಂಡುಕೊಂಡಿದೆ. ಸಿಹಿ ವೈನಿಗೆ ರಾಜ್ಯದಲ್ಲಿ ಬೆಂಗಳೂರು ನೀಲಿಯ ಬಳಕೆಯೂ ಇದೆ. ರಾಜ್ಯ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ತಳಿಯ ಆಯ್ಕೆಯ ಬಗ್ಗೆ ಸಸಿ ಖರೀದಿಸುವ ಮುನ್ನವೇ ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯ ಅಭಿಪ್ರಾಯ ಪಡೆಯುವುದು, ಹಾಗೂ ಹಣ್ಣು ಕೊಳ್ಳುವ ವೈನರಿಯೊಡನೆ ಲಿಖಿತ ಒಪ್ಪಂದ ಮಾಡಿಕೊಳ್ಳುವುದು ಕ್ಷೇಮಕರ.

ಸನ್ನದು

ಸ್ವಂತ ಜಮೀನಿನ ದ್ರಾಕ್ಷಿಯಿಂದಲೇ ಆದರೂ, ಸನ್ನದಿಲ್ಲದೆ ವೈನ್ ತಯಾರಿಸುವುದನ್ನು ಕರ್ನಾಟಕ ಅಬಕಾರಿ ಕಾಯ್ದೆ, 1965ರ 13ನೇ ಪ್ರಕರಣವು ನಿಷೇಧಿಸುತ್ತದೆ; 32ನೇ ಪ್ರಕರಣದಡಿ ಕಾರಾಗೃಹ ವಾಸ ಮತ್ತು ದಂಡ ವಿಧಿಸಬಹುದಾಗಿದೆ. ತಯಾರಿಕಾ ಸನ್ನದಿಗೆ ದ್ರಾಕ್ಷಿಯಿಂದ ವೈನ್ ತಯಾರಿಕೆಯ 1968ರ ನಿಯಮಗಳು ಅನ್ವಯವಾಗುತ್ತವೆ. ಜಿಲ್ಲೆಯ ಅರ್ಜಿದಾರರು ಚಾಮರಾಜನಗರದ ಅಬಕಾರಿ ಉಪ ಆಯುಕ್ತರ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಪ್ರಚಲಿತ ಶುಲ್ಕ ಹಾಗೂ ಲಗತ್ತಿಸಬೇಕಾದ ದಾಖಲೆಗಳನ್ನು ಅಲ್ಲಿಯೇ ಖಚಿತಪಡಿಸಿಕೊಳ್ಳಬೇಕು, ಮಧ್ಯವರ್ತಿಗಳಿಂದಲ್ಲ. ತಯಾರಿಸಿದ ವೈನು 2018ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಮದ್ಯಯುಕ್ತ ಪಾನೀಯಗಳು) ನಿಬಂಧನೆಗಳಿಗೂ ಒಳಪಡುತ್ತದೆ.

ಖರೀದಿ, ಸಾಗಣೆ ಮತ್ತು ಸಂಗ್ರಹ

1967ರ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಗಳಂತೆ 21 ವರ್ಷ ತುಂಬದವರಿಗೆ ಸನ್ನದುದಾರರು ಮದ್ಯ ಮಾರುವಂತಿಲ್ಲ. ವಿದೇಶದಿಂದ ಬರುವ ವಯಸ್ಕ ಪ್ರಯಾಣಿಕರು ಕಸ್ಟಮ್ಸ್ ಸುಂಕವಿಲ್ಲದೆ 2 ಲೀಟರ್‌ವರೆಗೆ ವೈನ್ ಅಥವಾ ಇತರೆ ಮದ್ಯವನ್ನು ತರಬಹುದು. ಅಂಗಡಿಯಲ್ಲಿ ಸಿಗುವ ಆಮದು ವೈನು ದುಬಾರಿಯಾಗಲು ಸುಂಕವೂ ಒಂದು ಕಾರಣ: 2021ರ ಕೇಂದ್ರ ಆಯವ್ಯಯದಲ್ಲಿ ಇದನ್ನು ಶೇ. 50 ಮೂಲ ಸುಂಕ ಮತ್ತು ಶೇ. 100 ಕೃಷಿ ಮೂಲಸೌಕರ್ಯ ಸೆಸ್ ಎಂದು ವಿಂಗಡಿಸಲಾಗಿತ್ತು.

ಗಡಿ ಭಾಗದ ನಿವಾಸಿಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಪುಣಜನೂರು ಮಾರ್ಗವಾಗಿ ಅಥವಾ ಕೆಕ್ಕನಹಳ್ಳದ ಮೂಲಕ ತಮಿಳುನಾಡಿಗೆ, ಮೂಲೆಹೊಳೆಯ ಮೂಲಕ ಕೇರಳಕ್ಕೆ ಹೋಗುವಾಗ ರಾಜ್ಯದ ಅಬಕಾರಿ ಕಾನೂನು ಬದಲಾಗುತ್ತದೆ. ಒಂದು ರಾಜ್ಯದಲ್ಲಿ ರಸೀದಿಯೊಡನೆ ಕೊಂಡ ಬಾಟಲಿಯೂ ಮತ್ತೊಂದರಲ್ಲಿ ಅಕ್ರಮವೆನಿಸಬಹುದು. ಮದುವೆ, ನಾಮಕರಣಕ್ಕೆಂದು ಉಡುಗೊರೆಯಾಗಿ ಒಯ್ಯುವುದಕ್ಕೂ ರಿಯಾಯಿತಿ ಇಲ್ಲ.

ವೈನಿನ ಬಾಟಲಿಯ ಮೇಲೆ ಉಪಯೋಗಿಸಬೇಕಾದ ಕೊನೆಯ ದಿನಾಂಕ ಇಲ್ಲದಿರುವುದನ್ನು ದೋಷವೆಂದು ಭಾವಿಸಬೇಕಿಲ್ಲ. ಆಹಾರ ಲೇಬಲ್ ನಿಯಮಗಳಲ್ಲಿ ವೈನಿಗೆ ಇದರಿಂದ ವಿನಾಯಿತಿ ಇದೆ. ಹಾಗೆಂದು ಎಲ್ಲಿಟ್ಟರೂ ಉಳಿಯುತ್ತದೆಂದಲ್ಲ. ಈ ವೈನನ್ನು 12ರಿಂದ 15 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಬೆಳಕು ಬೀಳದೆಡೆ, ಬಿರಡೆ ಒಣಗದಂತೆ ಅಡ್ಡಲಾಗಿ ಮಲಗಿಸಿ ಇಡಬೇಕು. ಬೇಸಿಗೆಯಲ್ಲಿ ಕಾಯುವ ತಾರಸಿ ಮನೆಯ ಬೀರುವಿನೊಳಗೆ ನಿಲ್ಲಿಸಿದ ಬಾಟಲಿ ಕೆಲವೇ ವರ್ಷಗಳಲ್ಲಿ ಕೆಡುತ್ತದೆ. ಮುಚ್ಚಳ ತೆಗೆದ ಮೇಲೆ ಫ್ರಿಜ್‌ನಲ್ಲಿರಿಸಿ ಸುಮಾರು ಒಂದು ವಾರದೊಳಗೆ ಮುಗಿಸತಕ್ಕದ್ದು.