ಬೇರಿನ ಬಾಗಿಲಲ್ಲಿ ಯಾರು?

ಇವತ್ತಿನ ಕಥೆ ನಮ್ಮ ಹೊಲದಿಂದ ಶುರು.

ನಾನು ಹೈಸ್ಕೂಲಲ್ಲಿದ್ದಾಗ ಒಂದು ವರ್ಷ ಮಳೆ ಬಿಡಲೇ ಇಲ್ಲ. ಮೆಕ್ಕೆಜೋಳದ ಹೊಲದಲ್ಲಿ ನೀರು ನಿಂತು ಎಲೆಗಳು ಹಳದಿಯಾದವು. ಅಪ್ಪ ಸಾಲ ಮಾಡಿ ಇನ್ನೊಂದು ಮೂಟೆ ಯೂರಿಯಾ ತಂದು ಹಾಕಿದ್ರು. ಪೈರು ಚೇತರಿಸಿಕೊಳ್ಳಲಿಲ್ಲ. ಬುಡದಲ್ಲೇ ಗೊಬ್ಬರ ಇಟ್ಟರೂ ಬೇರು ಯಾಕೆ ತಗೊಳ್ಳಲಿಲ್ಲ?

ಮೊದಲ ಸುಳಿವು ಸಿಕ್ಕಿದ್ದು 1936ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಹೋಗ್ಲಂಡ್ ಮತ್ತು ಬ್ರಾಯರ್ ಬಾರ್ಲಿಯ ಬೇರುಗಳನ್ನ ಕತ್ತರಿಸಿ ಲವಣದ ನೀರಲ್ಲಿ ಇಟ್ಟರು. ನೀರಿಗೆ ಗಾಳಿ ಹಾಯಿಸಿದಾಗ ಬೇರು ಪೊಟ್ಯಾಸಿಯಂ ಎಳೆದುಕೊಂಡು ಕೂಡಿಟ್ಟುಕೊಳ್ತಿತ್ತು. ಗಾಳಿ ಇಲ್ಲದಿದ್ರೆ ಆ ಕೆಲಸ ಕುಂಠಿತ. ಅಂದ್ರೆ ಬೇರು ದೀಪದ ಬತ್ತಿ ಥರ ಸುಮ್ಮನೆ ಹೀರಲ್ಲ. ಉಸಿರಾಡಿ, ದುಡಿದು ತಗೊಳ್ಳುತ್ತೆ.

1952ರಲ್ಲಿ ಎಮ್ಯಾನುಯೆಲ್ ಎಪ್‌ಸ್ಟೈನ್ ಮತ್ತು ಹೇಗನ್ ಅದೇ ಬಾರ್ಲಿ ಬೇರು ಹಿಡಿದುಕೊಂಡು ಮುಂದಕ್ಕೆ ಹೋದ್ರು. ವಿಕಿರಣಶೀಲ ಪೊಟ್ಯಾಸಿಯಂ ಸುಮಾರು 12 ಗಂಟೆಗೇ ಅರ್ಧ ಖಾಲಿ. ಅದಕ್ಕೇ ಅದರ ದಾಯಾದಿಯಂತಿರೋ ರುಬಿಡಿಯಂ ಬಳಸಿದ್ರು. ದ್ರಾವಣದಲ್ಲಿ ರುಬಿಡಿಯಂ ಹೆಚ್ಚಿಸ್ತಾ ಹೋದಂತೆ ಬೇರು ಹೆಚ್ಚು ತಗೊಂಡಿತು. ಆಮೇಲೆ ಒಂದು ಮಟ್ಟಕ್ಕೆ ನಿಂತುಬಿಡ್ತು.

ಮದುವೆ ಊಟ ನೆನಪಿಸಿಕೊಳ್ಳಿ. ಬಡಿಸೋರು ನಾಲ್ಕೇ ಜನ ಇದ್ರೆ, ಪಂಕ್ತಿಯಲ್ಲಿ ಇನ್ನೂರು ಜನ ಕೂತರೂ ಬಡಿಸೋ ವೇಗ ಅಷ್ಟೇ. ಕಿಣ್ವಗಳೂ ಹೀಗೇ ಕೆಲಸ ಮಾಡ್ತವೆ ಅಂತ ಮಿಖಾಯೆಲಿಸ್ ಮತ್ತು ಮಾಡ್ ಮೆಂಟನ್ 1913ರಲ್ಲೇ ಲೆಕ್ಕ ಕೊಟ್ಟಿದ್ರು. ಬೇರಿಗೂ ಅದೇ ಲೆಕ್ಕ ಕೂತಿತು! ಹಾಗಾದ್ರೆ ಬೇರಿನ ಜೀವಕೋಶದ ಪೊರೆಯಲ್ಲೂ ಬಡಿಸೋರು ಇದ್ದಾರೆ. ಆದ್ರೆ ಯಾರು?

1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ, ಏಡಿಯ ಕಾಲಿನ ನರದಲ್ಲಿ ಒಂದು ಕಿಣ್ವ ಕಂಡುಹಿಡಿದ್ರು. ಜೀವಕೋಶದ ಇಂಧನ ಎಟಿಪಿ. ಅದನ್ನ ಒಡೆದು ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ಸಾಗಿಸೋ ಪಂಪ್ ಅದು. ಮುಂದೆ 1997ರಲ್ಲಿ ಅವರಿಗೆ ನೊಬೆಲ್ ಬಂತು. ಗಿಡದಲ್ಲೂ ಇಂಥದ್ದೇ ಇರಬೇಕು ಅಂತ ಹುಡುಕಾಟ ಜೋರಾಯ್ತು. 1970ರಲ್ಲಿ ಅಮೆರಿಕದ ಥಾಮಸ್ ಹಾಡ್ಜಸ್ ಮತ್ತು ಜೊತೆಗಾರರು ಬಾರ್ಲಿ, ಓಟ್ಸ್, ಗೋಧಿ, ಮೆಕ್ಕೆಜೋಳದ ಬೇರುಗಳನ್ನ ಹೋಲಿಸಿದ್ರು. ಎಟಿಪಿ ಒಡೆಯೋ ಕಿಣ್ವ ಎಲ್ಲಿ ಚುರುಕೋ ಅಲ್ಲಿ ಲವಣ ಸೇರೋದೂ ಜಾಸ್ತಿ. ಸಿಕ್ಕಿಬಿಟ್ಟ ಅಂದುಕೊಳ್ಳೋಕೆ ಇನ್ನೇನು ಬೇಕು?

ಆದ್ರೆ ಸಿಕ್ಕಿದ್ದು ಬಡಿಸೋನಲ್ಲ. ಆ ಕಿಣ್ವ ಪೊಟ್ಯಾಸಿಯಂ ಅನ್ನ ಮುಟ್ಟಿ ಒಳಗೆ ತರೋದೇ ಇಲ್ಲ ಅನ್ನೋದು ಮುಂದಿನ ವರ್ಷಗಳಲ್ಲಿ ಸ್ಪಷ್ಟವಾಯ್ತು. ಅದು ಎಟಿಪಿ ಸುಟ್ಟು ಪ್ರೋಟಾನ್‌ಗಳನ್ನ ಹೊರಗೆ ತಳ್ಳುತ್ತೆ. ಆಗ ಕೋಶದ ಒಳಭಾಗ ಋಣ ವಿದ್ಯುತ್ತಿನದಾಗುತ್ತೆ. ಧನ ವಿದ್ಯುತ್ತಿನ ಪೊಟ್ಯಾಸಿಯಂ ಬೇರೆ ಬಾಗಿಲಿಂದ ತಾನಾಗೇ ಒಳಗೆ ಬರುತ್ತೆ. ಎಕೆಟಿ1 ಅನ್ನೋ ಅಂಥ ಬಾಗಿಲಿನ ಜೀನ್ 1992ರಲ್ಲಿ ಸಿಕ್ತು. ನೈಟ್ರೇಟ್ ಇನ್ನೊಂದು ಬಾಗಿಲಲ್ಲಿ, ವಾಪಸ್ ಬರೋ ಪ್ರೋಟಾನ್‌ಗಳ ಜೊತೆ ಒಳಗೆ ನುಗ್ಗುತ್ತೆ.

ನನಗೆ ಇಷ್ಟವಾಗೋದು ಇದೇ. 1970ರ ಅಳತೆ ಸುಳ್ಳಾಗಿರಲಿಲ್ಲ, ಅದರಿಂದ ಮಾಡಿಕೊಂಡ ಊಹೆ ತಪ್ಪಿತ್ತು. ಎರಡು ಸಂಗತಿ ಒಟ್ಟಿಗೆ ಏರಿದ್ವು ಅಂದ ಮಾತ್ರಕ್ಕೆ ಒಂದು ಇನ್ನೊಂದನ್ನ ಕೈಯಾರೆ ಮಾಡಿದೆ ಅಂತಲ್ಲ.

ಈಗ ನಮ್ಮ ಹೊಲಕ್ಕೆ ಬನ್ನಿ. ನೀರು ನಿಂತರೆ ಬೇರಿಗೆ ಗಾಳಿ ಇಲ್ಲ. ಗಾಳಿ ಇಲ್ಲದಿದ್ರೆ ಎಟಿಪಿ ಕಡಿಮೆ, ಪಂಪ್ ನಿಧಾನ, ಬಾಗಿಲಿದ್ದರೂ ಎಳೆಯೋ ಬಲ ಇಲ್ಲ. ಸಾಲದ್ದಕ್ಕೆ ನಿಂತ ನೀರಲ್ಲಿ ಸಾರಜನಕ ಪೋಲಾಗೋದೂ ಉಂಟು. ಮೊನ್ನೆ ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅಂದ್ರು: "ಅಂಗಾದ್ರೆ ಮೂಟೆ ತರೋಕ್ ಮುಂಚೆ ಬಸಿಗಾಲುವೆ ತೋಡ್ಬೇಕಿತ್ತು ಅನ್ನು."

ಹೌದಪ್ಪ, ಅಷ್ಟೇ. ಮುಂದಿನ ವಾರ ಸಿಗೋಣ.