ಎರಡು ಬಸ್ಸಿನ ನಡುವೆ ನಾಲ್ಕು ಸರ್ಕಾರ

ಮುಂದಿನ ಬಸ್ಸಿಗೆ ಇನ್ನೂ ಒಂದೂವರೆ ತಾಸು ಇದೆ ಎಂದು ರಬಕವಿಯಲ್ಲಿ ಯಾರಾದರೂ ಹೇಳಿದರೆ ಪರಊರಿನವರು ಬೇಸರಪಡಬೇಕಾಗಿಲ್ಲ. ಒಂದು ಚಹಾ ಕುಡಿದು ಬನಹಟ್ಟಿಯ ಕಡೆಗೆ ನಡೆಯತೊಡಗಿದರೆ ಸಾಕು. ಓಣಿಗಳ ಒಳಗಿನಿಂದ ಮಗ್ಗದ ಸದ್ದು ಕೇಳುತ್ತದೆ. ಮನೆಯ ಮುಂಭಾಗದಲ್ಲಿ ಸಂಸಾರ, ಹಿಂಭಾಗದಲ್ಲಿ ನೇಕಾರಿಕೆ. ಎಲ್ಲಿ ರಬಕವಿ ಮುಗಿಯಿತು, ಎಲ್ಲಿ ಬನಹಟ್ಟಿ ಆರಂಭವಾಯಿತು ಎಂಬುದು ಹೊಸಬರಿಗೆ ತಿಳಿಯುವುದೇ ಇಲ್ಲ. ಎರಡಕ್ಕೂ ಒಂದೇ ನಗರಸಭೆ, ಹೆಸರೂ ಜಂಟಿಯಾಗಿಯೇ ಇದೆ.

ಆದರೆ 1948ರ ಮೊದಲು ಇದೇ ದಾರಿಯಲ್ಲಿ ನಡೆದವನು ಒಬ್ಬ ರಾಜನ ಸೀಮೆ ಬಿಟ್ಟು ಇನ್ನೊಬ್ಬನ ಸೀಮೆಗೆ ಕಾಲಿಡುತ್ತಿದ್ದ. ರಬಕವಿ ಸಾಂಗಲಿ ಸಂಸ್ಥಾನದ್ದು, ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ಅಕ್ಕಪಕ್ಕದಲ್ಲಿ ಮಗ್ಗ ಹೂಡಿದ ಇಬ್ಬರಿಗೆ ಮೇಲಿನ ಕಚೇರಿಯ ಕೆಲಸ ಬಿದ್ದರೆ ಒಬ್ಬನು ಸಾಂಗಲಿಯ ದಾರಿ ಹಿಡಿಯಬೇಕಿತ್ತು, ಇನ್ನೊಬ್ಬನು ಜಮಖಂಡಿಯದು. ಬನಹಟ್ಟಿಯಿಂದ ಕೆಲವೇ ಮೈಲಿ ದಕ್ಷಿಣಕ್ಕೆ ಹೋಗಿ ಮಹಾಲಿಂಗಪುರ ಸೇರಿದರೆ ಅದು ಮುಧೋಳದ ಘೋರ್ಪಡೆಯವರ ರಾಜ್ಯ. ಪೂರ್ವಕ್ಕೆ ಬೀಳಗಿಯಲ್ಲಿ ನೇರವಾಗಿ ಇಂಗ್ಲಿಷರ ಆಡಳಿತ. ಅದು ಬಾಗಲಕೋಟೆ ತಾಲ್ಲೂಕಿಗೆ ಸೇರಿದ ಪೇಟಾ ಆಗಿತ್ತು. ಇಂದು ಒಂದೇ ದಿನದಲ್ಲಿ ಬಸ್ಸು ಬದಲಿಸುತ್ತ ಸುತ್ತಿ ಬರಬಹುದಾದ ನಾಲ್ಕು ಊರುಗಳಿಗೆ ನಾಲ್ಕು ಸರ್ಕಾರ!

ಕರ್ನಾಟಕ ಏಕೀಕರಣದ ಮಾತು ಬಂದಾಗ ನಾವು ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಎಂದು ಐದು ತುಂಡುಗಳ ಹೆಸರು ಹೇಳಿ ಮುಗಿಸಿಬಿಡುತ್ತೇವೆ. ಮುಂಬೈ ಕರ್ನಾಟಕವೆಂಬ ತುಂಡಿನೊಳಗೆ ಇಷ್ಟೊಂದು ಚೂರುಗಳಿದ್ದವು ಎಂಬುದು ಶಾಲೆಯ ಪುಸ್ತಕದಲ್ಲಿ ಎದ್ದು ಕಾಣುವುದಿಲ್ಲ.

ಈ ಚೂರುಗಳು ಹುಟ್ಟಿದ ಬಗೆ ವಿಚಿತ್ರವಾದುದು. 18ನೇ ಶತಮಾನದಲ್ಲಿ ಹೈದರಾಲಿಯನ್ನು ತಡೆಯಲು ಪೇಶ್ವೆಗಳಿಗೆ ದಕ್ಷಿಣದ ಗಡಿಯಲ್ಲಿ ಕುದುರೆ ದಂಡು ಬೇಕಾಗಿತ್ತು. ದಂಡಿನ ಖರ್ಚಿಗಾಗಿ ಪಟವರ್ಧನ ಮನೆತನಕ್ಕೆ ಊರುಗಳನ್ನು ಸರಂಜಾಮಿಯಾಗಿ ಬಿಟ್ಟುಕೊಟ್ಟರು. ಉತ್ಪನ್ನ ಬರುವ ಊರು ಎಲ್ಲಿದ್ದರೇನು, ಲೆಕ್ಕ ಸರಿಹೋದರೆ ಆಯಿತು. ಮುಂದೆ ಅಣ್ಣತಮ್ಮಂದಿರು, ದಾಯಾದಿಗಳು ಪಾಲಾದಾಗ ಊರುಗಳೂ ಪಾಲಾದವು. ಮೀರಜ, ಸಾಂಗಲಿ, ಕುರುಂದವಾಡ, ಜಮಖಂಡಿ ಎಲ್ಲವೂ ಒಂದೇ ಮನೆತನದ ಕವಲುಗಳು. ಜಮಖಂಡಿ ಬೇರೆಯಾದದ್ದು 1811ರಲ್ಲಿ. ಧಾರವಾಡದಾಚೆಯ ಕುಂದಗೋಳ ಜಮಖಂಡಿಗೆ ಸೇರಿತ್ತು, ಗದಗಿನ ಕಡೆಯ ಶಿರಹಟ್ಟಿ ಸಾಂಗಲಿಗೆ. ಆ ಕಾಲದ ನಕಾಶೆ ನೋಡಿದರೆ ನಮ್ಮ ಕಡೆಯ ಅಜ್ಜಿಯರು ಹೊಲಿಯುವ ಕೌದಿಯ ನೆನಪಾಗುತ್ತದೆ. ಆ ಕೌದಿಯಲ್ಲಿ ಮುಧೋಳದ ಪಾಲು ಸಣ್ಣದು. 1901ರ ಜನಗಣತಿಯಲ್ಲಿ ಇಡೀ ಸಂಸ್ಥಾನದ ಜನಸಂಖ್ಯೆ 63,001.

ಮುಧೋಳದ ನಾಯಿಯ ಕಥೆಯನ್ನು ಎಲ್ಲರೂ ಬರೆದಿದ್ದಾರೆ. ನನಗೆ ಅದಕ್ಕಿಂತ ಕಾಡುವುದು ಭಾಷೆಯ ಸಂಗತಿ. ಬಳೆಗಾರರ ಮನೆಯಲ್ಲಿ ಹುಟ್ಟಿ 10ನೇ ಶತಮಾನದಲ್ಲಿ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ ರನ್ನನ ಊರಿದು. ಅಂಥ ಊರಿನಲ್ಲೇ ಸಂಸ್ಥಾನದ ದಫ್ತರ ಮರಾಠಿಯದಾಗಿತ್ತು. ಜಮಖಂಡಿ, ಸಾಂಗಲಿಗಳಲ್ಲಿಯೂ ಅಷ್ಟೇ. ಹೊಲದಲ್ಲಿ, ಮಗ್ಗದ ಮನೆಯಲ್ಲಿ ಕನ್ನಡ ಆಡುವವನಿಗೆ ತನ್ನ ಅರ್ಜಿಯನ್ನು ಓದಲು ಇನ್ನೊಬ್ಬರ ಕಣ್ಣು ಬೇಕಿತ್ತು.

ರಾಜ ಬೇರೆಯಾದ ಮಾತ್ರಕ್ಕೆ ಇಂಗ್ಲಿಷರ ಕೈ ಇಲ್ಲಿಗೆ ಎಟುಕುತ್ತಿರಲಿಲ್ಲವೇ? ಇದಕ್ಕೆ ಉತ್ತರ ಮುಧೋಳ ಸಂಸ್ಥಾನದ ಹಲಗಲಿಯಲ್ಲಿದೆ. 1857ರಲ್ಲಿ ಜನರ ಬಳಿಯಿದ್ದ ಆಯುಧಗಳನ್ನು ಕಸಿಯುವ ಕಾಯಿದೆ ಬಂತು. ಬೇಟೆ, ಕಾವಲುಗಳನ್ನೇ ಬಾಳಿನ ದಾರಿ ಮಾಡಿಕೊಂಡಿದ್ದ ಹಲಗಲಿಯ ಬೇಡರು ಆಯುಧ ಕೊಡಲು ಒಪ್ಪಲಿಲ್ಲ. ಇಂಗ್ಲಿಷರ ದಂಡು ಗಡಿಯನ್ನು ಲೆಕ್ಕಿಸದೆ ಬಂದಿತು, ನವೆಂಬರ್ ಕೊನೆಯಲ್ಲಿ ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಸೆರೆಸಿಕ್ಕವರನ್ನು ಗಲ್ಲಿಗೇರಿಸಿದರು. ಆ ಕದನದ ಲಾವಣಿಯನ್ನು ಜನ ಹಾಡುತ್ತಲೇ ಇದ್ದರು. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಇಂಗ್ಲಿಷರ ಅಧಿಕಾರಿಯೇ ಆದ ಜೆ. ಎಫ್. ಫ್ಲೀಟ್. ಸಂಸ್ಥಾನದ ಗಡಿ ಪ್ರಜೆಯ ಪಾಲಿಗೆ ಗೋಡೆಯಾಗಿ ನಿಲ್ಲಲಿಲ್ಲ. ಕಚೇರಿಗೆ ಅಲೆಯುವಾಗ ಮಾತ್ರ ಅದು ಅಡ್ಡ ಬರುತ್ತಿತ್ತು.

ಈ ಗಡಿಗಳು ಅಳಿದದ್ದು 1948ರ ಮಾರ್ಚ್ 8ರಂದು. ಜಮಖಂಡಿ, ಮುಧೋಳ, ಸಾಂಗಲಿ ಮೂರೂ ಅಂದು ಮುಂಬೈ ಪ್ರಾಂತದಲ್ಲಿ ವಿಲೀನವಾದವು. ಆಗ ಜಮಖಂಡಿ ಸಂಸ್ಥಾನದ ಮುಖ್ಯಮಂತ್ರಿಯಾಗಿದ್ದವರು ಇದೇ ತಾಲ್ಲೂಕಿನ ಸಾವಳಗಿಯ ಬಿ. ಡಿ. ಜತ್ತಿ. ಒಂದು ಪುಟ್ಟ ಸಂಸ್ಥಾನದ ಕೊನೆಯ ದಿನಗಳನ್ನು ಕಂಡ ಈ ವಕೀಲರು 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, 1974ರಲ್ಲಿ ಉಪರಾಷ್ಟ್ರಪತಿಯಾದರು, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯೂ ಆಗಿದ್ದರು. ಊರುಗಳ ಪಯಣವೂ ನಿಂತಿರಲಿಲ್ಲ. 1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆಯ ಜೊತೆಗೆ ಮೈಸೂರು ರಾಜ್ಯಕ್ಕೆ, 1997ರಲ್ಲಿ ಹೊಸ ಬಾಗಲಕೋಟೆ ಜಿಲ್ಲೆಗೆ.

ಜಮಖಂಡಿಯಲ್ಲಿ ಇಳಿದವರಿಗೆ ಸಂಸ್ಥಾನದ ಗುರುತು ಬೇಕಾದರೆ ರಾಮತೀರ್ಥದ ಗುಡ್ಡದ ಮೇಲೆ ಅರಮನೆ ಇದೆ. ರಬಕವಿ, ಬನಹಟ್ಟಿಗಳ ನಡುವೆ ಹಾಗೆ ಬೆರಳು ತೋರಿಸಿ ಹೇಳುವಂಥದ್ದೇನೂ ನನಗೆ ಕಾಣಲಿಲ್ಲ. ಎರಡು ಸಲ ಹಿಂದೆ ಮುಂದೆ ನಡೆದು, ಇಲ್ಲಿರಬಹುದೇ ಎಂದು ಒಂದು ಗಲ್ಲಿಯ ತುದಿಯಲ್ಲಿ ನಿಂತೆ. ಒಳಗೆ ಮಗ್ಗ ನಡೆದೇ ಇತ್ತು. ಅಷ್ಟರಲ್ಲಿ ಬಸ್ಸು ಬಂತು. ಅದರ ಬೋರ್ಡಿನಲ್ಲಿ ರಬಕವಿ ಎಂದು ಬರೆದು, ಒಂದು ಸಣ್ಣ ಅಡ್ಡಗೆರೆ ಎಳೆದು, ಬನಹಟ್ಟಿ ಎಂದು ಬರೆದಿದ್ದರು.