ನೆರೆ ಪರಿಹಾರದ ಹಣದಲ್ಲಿ ಊರ ರಸ್ತೆ: ಗೋಕಾಕದ ಲೆಕ್ಕ

ಮೂರು ಹೊಳೆಯ ನೀರು

ಗೋಕಾಕದ ರಸ್ತೆ ಕೆಡಲು ಗೋಕಾಕದಲ್ಲೇ ಮಳೆಯಾಗಬೇಕೆಂದಿಲ್ಲ. ಅಂಬೋಲಿ, ಚಂದಗಡದ ಕಡೆ ಘಟ್ಟದಲ್ಲಿ ಜೋರು ಹಿಡಿದರೆ ಸಾಕು. ಘಟಪ್ರಭೆಗೆ ಅಡ್ಡಲಾಗಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ಅಡಿ ಸಾಮರ್ಥ್ಯದ ಜಲಾಶಯವಿದೆ. ಅದು ತುಂಬಿ ಗೇಟು ತೆರೆಯುವ ಹೊತ್ತಿಗೇ ಸಂಕೇಶ್ವರದ ಕಡೆಯಿಂದ ಹಿರಣ್ಯಕೇಶಿ, ಬೆಳಗಾವಿ ಕಡೆಯಿಂದ ಮಾರ್ಕಂಡೇಯ ಉಕ್ಕಿ ಬಂದವೆಂದರೆ ಮೂರೂ ಹೊಳೆಯ ಭಾರ ಗೋಕಾಕದ ಮೇಲೆ ಬೀಳುತ್ತದೆ. 2019ರ ಆಗಸ್ಟ್, 2021ರ ಜುಲೈ, 2024ರ ಜುಲೈ ತಿಂಗಳುಗಳಲ್ಲಿ ಲೋಳಸೂರ ಸೇತುವೆ ಮುಳುಗಿತು, ನದಿ ಬದಿಯ ಗಲ್ಲಿಗಳಿಗೆ ನೀರು ನುಗ್ಗಿತು. ಹಳೆ ದನದ ಪೇಟೆ, ಮಟನ್ ಮಾರ್ಕೆಟ್, ಕುಂಬಾರ ಗಲ್ಲಿಯವರಿಗೆ ಇದು ಹೊಸ ಸುದ್ದಿಯಲ್ಲ.

ನೀರು ಇಳಿದ ಮೇಲೆ ಮೊದಲು ಕಾಣುವುದು ರಾಡಿ, ಆಮೇಲೆ ರಸ್ತೆ. ಡಾಂಬರಿಗೆ ನಿಂತ ನೀರೇ ಶತ್ರು: ಖಡಿಗೂ ಡಾಂಬರಿಗೂ ಇರುವ ಹಿಡಿತ ಬಿಟ್ಟುಹೋಗುತ್ತದೆ. ಕೆಳಗಿನ ಎರೆಮಣ್ಣು ನೆನೆದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಮೇಲೆ ಗಟ್ಟಿ ಕಾಣುವ ರಸ್ತೆ ಕಬ್ಬಿನ ಟ್ರ್ಯಾಕ್ಟರ್ ಹಾಯ್ದ ಕೂಡಲೇ ಕುಸಿಯುವುದು ಇದರಿಂದಲೇ. ಹಾಗಾಗಿ ನೆರೆಯ ಪೂರಾ ಹಾನಿ ಸಮೀಕ್ಷೆಯ ದಿನ ಕಣ್ಣಿಗೆ ಬೀಳುವುದೇ ಇಲ್ಲ; ಕಬ್ಬಿನ ಹಂಗಾಮು ಶುರುವಾದ ಮೇಲೆ ಬೀಳುತ್ತದೆ.

ಪರಿಹಾರ ನಿಧಿ ಯಾರ ಹಣ?

2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಪ್ರತಿ ರಾಜ್ಯಕ್ಕೂ ವಿಪತ್ತು ಪರಿಹಾರ ನಿಧಿ (ಎಸ್‌ಡಿಆರ್‌ಎಫ್) ಇದೆ. 15ನೇ ಹಣಕಾಸು ಆಯೋಗದ 2021–26ರ ಅವಧಿಯಲ್ಲಿ ಕರ್ನಾಟಕದಂಥ ರಾಜ್ಯಗಳ ನಿಧಿಗೆ ಕೇಂದ್ರದ ಪಾಲು ನೂರಕ್ಕೆ 75, ರಾಜ್ಯದ್ದು 25. ಅದು ಸಾಲದಷ್ಟು ದೊಡ್ಡ ವಿಪತ್ತಾದರೆ ರಾಜ್ಯ ಮನವಿಪತ್ರ ಸಲ್ಲಿಸುತ್ತದೆ, ಕೇಂದ್ರದ ಅಧ್ಯಯನ ತಂಡ ಬಂದು ನೋಡಿ ಹೋಗುತ್ತದೆ, ಗೃಹ ಸಚಿವರ ಅಧ್ಯಕ್ಷತೆಯ ಉನ್ನತ ಸಮಿತಿ ರಾಷ್ಟ್ರೀಯ ನಿಧಿಯಿಂದ (ಎನ್‌ಡಿಆರ್‌ಎಫ್) ಎಷ್ಟು ಕೊಡಬೇಕೆಂದು ತೀರ್ಮಾನಿಸುತ್ತದೆ.

2019ರಲ್ಲಿ ಕರ್ನಾಟಕ ಲೆಕ್ಕ ಹಾಕಿದ ಹಾನಿ 35 ಸಾವಿರ ಕೋಟಿ ರೂಪಾಯಿ ದಾಟಿತ್ತು. ನಿಯಮದ ಪ್ರಕಾರ ಕೇಳಲು ಬಂದದ್ದು ಅದರ ಒಂಬತ್ತನೇ ಒಂದು ಪಾಲಿನ ಆಸುಪಾಸು ಮಾತ್ರ. ಅಕ್ಟೋಬರಿನಲ್ಲಿ 1,200 ಕೋಟಿ ಮಧ್ಯಂತರ ಪರಿಹಾರ ಬಂತು, 2020ರ ಜನವರಿಯಲ್ಲಿ 1,869.85 ಕೋಟಿ. ಕಡಿಮೆ ಕೊಟ್ಟರೆಂಬ ಜಗಳ ಆಗ ಸಾಕಷ್ಟು ನಡೆಯಿತು. ಆದರೆ ಕೇಳುವ ಮೊತ್ತವೇ ಏಕೆ ಅಷ್ಟು ಕುಗ್ಗಿತೆಂಬ ಪ್ರಶ್ನೆಗೆ ಉತ್ತರ ಸಿಗುವುದು ದರಪಟ್ಟಿಯಲ್ಲಿ.

ಕಿಲೋಮೀಟರಿಗೆ ಒಂದು ಲಕ್ಷ

ಆಗ ಜಾರಿಯಲ್ಲಿದ್ದ 2015–20ರ ಮಾನದಂಡದಲ್ಲಿ ಹಾಳಾದ ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗೆ ಕಿಲೋಮೀಟರಿಗೆ 1 ಲಕ್ಷ ರೂಪಾಯಿ, ಗ್ರಾಮೀಣ ರಸ್ತೆಗೆ 60 ಸಾವಿರ. ಐದೂವರೆ ಮೀಟರ್ ಅಗಲದ ರಸ್ತೆಯ ಒಂದು ಕಿಲೋಮೀಟರ್ ಎಂದರೆ 5,500 ಚದರ ಮೀಟರ್. ಒಂದು ಲಕ್ಷವನ್ನು ಅದಕ್ಕೆ ಹಂಚಿದರೆ ಚದರ ಮೀಟರಿಗೆ 18 ರೂಪಾಯಿ ಚಿಲ್ಲರೆ. ಈ ದುಡ್ಡಿನಲ್ಲಿ ಡಾಂಬರು ಹಾಕುವ ಮಾತು ದೂರ ಉಳಿಯಿತು, ಒಳ್ಳೆ ಗರಸು ಹರಡಿ ರೋಲರ್ ಹೊಡೆಯುವುದೂ ಕಷ್ಟ.

ಹಾಗೆಂದು ಇದು ಲೆಕ್ಕ ತಪ್ಪಿದ ದರವಲ್ಲ. ಈ ಹಣ ರಸ್ತೆ ಕಟ್ಟಲು ಇಟ್ಟದ್ದೇ ಅಲ್ಲ, ದಾರಿ ಬಿಡಿಸಲು ಇಟ್ಟದ್ದು. ಮಾನದಂಡದ ಅನುಬಂಧ ಅದನ್ನು ಬಿಡಿಸಿಯೇ ಹೇಳುತ್ತದೆ: ಕೊಚ್ಚಿಹೋದ ಕಡೆ ಮತ್ತು ತಗ್ಗುಗಳನ್ನು ತುಂಬುವುದು, ನೀರು ಹಾಯಲು ಪೈಪು ಹಾಕುವುದು, ಏರಿಗೆ ಕಲ್ಲು ಕಟ್ಟುವುದು, ಒಡೆದ ಮೋರಿ ದುರಸ್ತಿ, ಸೇತುವೆಯ ಕೂಡುರಸ್ತೆ ಮತ್ತು ಕಟಾಂಜನ ಸರಿಪಡಿಸುವುದು, ಹದಗೆಟ್ಟ ಭಾಗಕ್ಕೆ ಖಡಿಯ ತಳಪದರ ಹಾಕಿ ವಾಹನ ಓಡುವಂತೆ ಮಾಡುವುದು. ಹೊಸ ಕಾಂಕ್ರೀಟ್ ರಸ್ತೆ ಈ ಪಟ್ಟಿಯಲ್ಲಿಲ್ಲ. ‘ತುರ್ತು ಸ್ವರೂಪದ’ ಎಂಬ ಪದವೇ ಇಡೀ ನಿಯಮದ ಬೀಗದ ಕೈ. ಬಯಲು ಸೀಮೆಯಲ್ಲಿ ಇಂಥ ಕೆಲಸ ಸಾಧಾರಣ ವಿಪತ್ತಿನಲ್ಲಿ 30 ದಿನ, ತೀವ್ರ ವಿಪತ್ತಿನಲ್ಲಿ 45 ದಿನದೊಳಗೆ ಮುಗಿಯಬೇಕು. ಸಾರ್ವಜನಿಕ ಜಾಗದ ರಾಡಿ ಎತ್ತಲು, ನಿಂತ ನೀರು ಹೊರಹಾಕಲು ವಾಸ್ತವ ವೆಚ್ಚ ಸಿಗುತ್ತದೆ. ಅದಕ್ಕೂ ಕೆಲಸ ಶುರುವಾದಂದಿನಿಂದ 30 ದಿನದ ಗಡುವು.

ಟೆಂಡರ್ ಕರೆದು, ಬಿಡ್ ತೆರೆದು, ಕಾಮಗಾರಿ ಆದೇಶ ಕೊಡುವಷ್ಟರಲ್ಲಿ ಆ ತಿಂಗಳು ಕಳೆದಿರುತ್ತದೆ. ಅದಕ್ಕೇ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ (ಕೆಟಿಪಿಪಿ) ಕಾಯ್ದೆಯ 4(ಎ) ಕಲಂ, ಸರ್ಕಾರ ಘೋಷಿಸಿದ ಪ್ರಕೃತಿ ವಿಕೋಪದ ಅವಧಿಯಲ್ಲಿ ಟೆಂಡರಿನಿಂದ ವಿನಾಯಿತಿ ಕೊಡುತ್ತದೆ. ಬೇಕಾದ ವಿನಾಯಿತಿಯೇ. ಆದರೆ ಟೆಂಡರ್ ಇಲ್ಲದ ಕಡೆ ಅಳತೆ ಪುಸ್ತಕವೊಂದೇ ಸಾಕ್ಷಿಯಾಗಿ ಉಳಿಯುವುದರಿಂದ, ತಗ್ಗು ತುಂಬುವ ಮೊದಲು ಮತ್ತು ನಂತರದ ಫೋಟೊ ಇಲ್ಲದ ಬಿಲ್ಲನ್ನು ಸಂಶಯದಿಂದಲೇ ನೋಡಬೇಕು. ಮಣ್ಣೊಳಗೆ ಹೋದ ಗರಸನ್ನು ಆರು ತಿಂಗಳ ಮೇಲೆ ಯಾರು ಅಳೆಯುತ್ತಾರೆ?

ರಸ್ತೆ ಯಾರ ಪಟ್ಟಿಯದು?

ಹಣ ಜಿಲ್ಲಾಧಿಕಾರಿಯ ಕೈಗೆ ಬರುತ್ತದೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ಅವರೇ. ಖರ್ಚು ಮಾತ್ರ ರಸ್ತೆಯ ಒಡೆತನ ನೋಡಿ. ಊರೊಳಗಿನ ಗಲ್ಲಿ ಗೋಕಾಕ ನಗರಸಭೆಯದು, ಹುಕ್ಕೇರಿ, ಮೂಡಲಗಿ, ಸಂಕೇಶ್ವರಗಳಲ್ಲಿ ಪುರಸಭೆಯದು. ಲೋಳಸೂರ ಸೇತುವೆ ಇರುವ ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು. ಮೂಡಲಗಿ ತಾಲ್ಲೂಕಿನ ನದಿ ದಂಡೆಯ ಹಳ್ಳಿ ರಸ್ತೆಗಳನ್ನು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ ನೋಡಿಕೊಳ್ಳುತ್ತದೆ. ಹೆದ್ದಾರಿಯಿಂದ ಗಲ್ಲಿಗೆ ತಿರುಗುವ ಮೂಲೆಯ ತಗ್ಗು ವರ್ಷಗಟ್ಟಲೆ ಹಾಗೇ ಉಳಿಯುವುದಕ್ಕೆ, ಅದು ಇಬ್ಬರ ಪಟ್ಟಿಯಿಂದಲೂ ಬಿಟ್ಟುಹೋಗುವುದೇ ಎಷ್ಟೋ ಸಲ ಕಾರಣ.

ಪೂರಾ ರಸ್ತೆಗೆ ಬೇರೆ ಹಣ

ತೇಪೆಗಿಂತ ಹೆಚ್ಚಿನ ಕೆಲಸಕ್ಕೆ ನಗರಸಭೆ ಬೇರೆ ಕಡೆ ನೋಡಬೇಕು: ರಾಜ್ಯ ಹಣಕಾಸು ಆಯೋಗದ ಅನುದಾನ, ಮುಖ್ಯಮಂತ್ರಿ ಅಮೃತ ನಗರೋತ್ಥಾನ, ಸ್ವಂತ ತೆರಿಗೆ. 15ನೇ ಹಣಕಾಸು ಆಯೋಗ 2021–26ರಲ್ಲಿ ಇಂಥ ಊರುಗಳಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ 60 ಪಾಲು ಕುಡಿಯುವ ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು. ಉಳಿದ 40ರಲ್ಲಿ ರಸ್ತೆ ಮಾಡಬಹುದಿತ್ತು, ಸಂಬಳ ಕೊಡುವಂತಿರಲಿಲ್ಲ.

ಅದೇ ಆಯೋಗ ವಿಪತ್ತಿನ ಒಟ್ಟು ಹಣದಲ್ಲಿ ಐದನೇ ಒಂದು ಪಾಲನ್ನು ‘ಉಪಶಮನ’ಕ್ಕೆ, ಅಂದರೆ ಮುಂದಿನ ನೆರೆಯ ಪೆಟ್ಟು ತಗ್ಗಿಸುವ ಕೆಲಸಕ್ಕೆ ತೆಗೆದಿರಿಸಿತು. ಪುನರ್‌ನಿರ್ಮಾಣಕ್ಕೂ ನೂರಕ್ಕೆ 30 ಪಾಲು ಇಟ್ಟಿತು. ಅದರ ಮಾರ್ಗಸೂಚಿ ಬಂದದ್ದು 2024ರಲ್ಲಿ. ನದಿಗೆ ದೊಡ್ಡ ತಡೆಗೋಡೆ ಕಟ್ಟಲು ಉಪಶಮನದ ಹಣ ಬಳಸುವಂತಿಲ್ಲ, ಅದು ಮಾಮೂಲಿ ಯೋಜನೆಗಳಿಂದಲೇ ಆಗಬೇಕೆಂದು ಆಯೋಗ ಸ್ಪಷ್ಟವಾಗಿ ಹೇಳಿದೆ. ಗೋಕಾಕಕ್ಕೆ ತಡೆಗೋಡೆ ಬೇಕೆನ್ನುವವರು ಜಲಸಂಪನ್ಮೂಲ ಇಲಾಖೆಯ ಬಾಗಿಲನ್ನೇ ತಟ್ಟಬೇಕಾಗುತ್ತದೆ.

ಹೊಸ್ತಿಲಿಗಿಂತ ಎತ್ತರದ ರಸ್ತೆ

ಗಲ್ಲಿಯ ಜನ ಮೆಚ್ಚುವುದು ಸಿ.ಸಿ. ರಸ್ತೆಯನ್ನು. ಮೆಚ್ಚುವುದರಲ್ಲಿ ತಪ್ಪಿಲ್ಲ, ನಿಂತ ನೀರನ್ನು ಡಾಂಬರಿಗಿಂತ ಕಾಂಕ್ರೀಟ್ ಚೆನ್ನಾಗಿ ತಡೆಯುತ್ತದೆ. ಆದರೆ ಹಳೆಯದನ್ನು ಅಗೆದು ತೆಗೆಯದೆ ಅದರ ಮೇಲೇ ಆರೆಂಟು ಇಂಚು ಸುರಿಯುವ ರೂಢಿಯಿದೆ. ಅಗೆಯುವ ಖರ್ಚು ಅಂದಾಜು ಪಟ್ಟಿಯಲ್ಲಿ ಇರುವುದಿಲ್ಲ. ಎರಡು ಸಲ ಹೀಗಾದರೆ ರಸ್ತೆ ಮನೆಯ ಹೊಸ್ತಿಲಿಗಿಂತ ಮೇಲಾಗುತ್ತದೆ. ಆಮೇಲೆ ಹೊಳೆ ಬರಬೇಕಿಲ್ಲ, ದೊಡ್ಡ ಮಳೆಯೊಂದು ಸಾಕು, ಪಡಸಾಲೆಗೆ ಗಟಾರದ ನೀರು ಬರುತ್ತದೆ. ಗಟಾರದಲ್ಲಿ ನೆರೆ ಬಿಟ್ಟುಹೋದ ಹೂಳು ತೆಗೆಯುವ ಕೆಲಸವನ್ನು ರಸ್ತೆಗಿಂತ ಮೊದಲು ಮುಗಿಸದಿದ್ದರೆ ಎಂಥ ಕಾಂಕ್ರೀಟ್ ಹಾಕಿಯೂ ಉಪಯೋಗವಿಲ್ಲ. ನಗರಸಭೆಯಲ್ಲಿ ಅಂದಾಜು ಪಟ್ಟಿಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಯಾರು ಬೇಕಾದರೂ ಪಡೆಯಬಹುದು. ಅದರಲ್ಲಿ ಕಾಂಕ್ರೀಟಿನ ದಪ್ಪಕ್ಕಿಂತ ಮೊದಲು ಹುಡುಕಬೇಕಾದ ಸಾಲುಗಳು ಎರಡು: ಹಳೆ ರಸ್ತೆ ಅಗೆತ ಮತ್ತು ಗಟಾರದ ಇಳಿಜಾರು.